ಒಂದು ಚೌಕ ಮುಂದಕ್ಕೆ

ಯಶವಂತಪುರ
4 ಜೂನ್ 1978

ಮಾನ್ಯ ಪಂಚಪ್ಪ ಸರ್ ಅವರಿಗೆ,

ನಮಸ್ಕಾರ. ನನ್ನ ಹೆಸರು ನಜ್ಮುನ್ನೀಸಾ. ನೀವು ನನ್ನನ್ನು ಬಲ್ಲವರಲ್ಲ. ನಮ್ಮ ಬೀದಿಯಲ್ಲಿ ಬಾಲವಾಡಿ ನಡೆಸುವ ಗೌರಮ್ಮ ಮೇಡಂ ನಿಮ್ಮ ವಿಳಾಸ ಕೊಟ್ಟರು. ನೀವು ಮೊದಲು ಬಾಗಲಕೋಟೆ ಕಡೆ ಮೇಷ್ಟ್ರಾಗಿದ್ದಿರಂತೆ, ಈಗ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತರಂತೆ. ಅವರ ತಮ್ಮನಿಗೆ ಅಂಚೆಯಲ್ಲೇ ಗಣಿತ ಹೇಳಿಕೊಟ್ಟು ಪಾಸು ಮಾಡಿಸಿದ್ದೀರಿ ಎಂದು ಕೇಳಿದೆ.

ನನಗೆ ಇಪ್ಪತ್ತೇಳು ವರ್ಷ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದೆ. ಕನ್ನಡ ಕಲಿತದ್ದು ಈಚೆಗೆ, ಗೌರಮ್ಮನವರ ಹತ್ತಿರ. ಈ ಏಪ್ರಿಲ್‌ನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಇಪ್ಪತ್ನಾಲ್ಕು. ನಕ್ಷೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ನನ್ನ ಹಳೆಯ ಪುಸ್ತಕದಲ್ಲಿ ಆ ಪಾಠದ ಹಾಳೆಗಳು ಹರಿದುಹೋಗಿವೆ.

ನಾನು ಟೀಚರ್ ಟ್ರೈನಿಂಗಿಗೆ ಸೇರಬೇಕು. ಅದಕ್ಕೆ ವಯಸ್ಸಿನ ಮಿತಿ ಇದೆ. ಬರುವ ವರ್ಷದ ಜುಲೈಗೆ ಸೇರದಿದ್ದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ನನ್ನ ಯಜಮಾನರು ಬೊಂಬಾಯಿಗೆ ಹೋಗಿ ಮೂರು ವರ್ಷವಾಯಿತು, ಸುದ್ದಿ ಇಲ್ಲ. ಅಣ್ಣ ನಜೀರನ ಮನೆಯಲ್ಲಿದ್ದೇನೆ. ಶೆಟ್ಟಿಹಳ್ಳಿ ದೂರವಲ್ಲ, ಬಸ್ಸಿನಲ್ಲಿ ಬಂದು ಕಲಿಯಬಹುದಿತ್ತು. ಅಣ್ಣ ಹೇಳಿದ, "ಕಾಗ್ದ ಬರ್ಕೋ, ನಾನೇನ್ ಬೇಡ ಅನ್ನಲ್ಲ. ಗೊತ್ತಿಲ್ದವ್ರ ಮನೆಗೆ ಹೋಗೋದ್ ಮಾತ್ರ ಬೇಡ." ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಇಲ್ಲ ಎನ್ನಬೇಡಿ.

ಇಂತಿ,
ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
11 ಜೂನ್ 1978

ಶ್ರೀಮತಿ ನಜ್ಮುನ್ನೀಸಾ ಅವರಿಗೆ,

ಕಾಗದ ತಲುಪಿತು. ಅಕ್ಷರ ದುಂಡಗಿದೆ. ಅಕ್ಷರ ದುಂಡಗಿರುವವರ ಗಣಿತ ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ, ನೋಡೋಣ. ಫೀಸಿನ ಮಾತೆತ್ತಬೇಡಿ. ನನ್ನ ಹತ್ತಿರ ಕಲಿಯುವವರಿಗೆ ಎರಡೇ ನಿಯಮ. ಹೇಳಿದಷ್ಟು ಮಾಡಬೇಕು. ಕಾಗದ ಕೊಳಕು ಮಾಡಬಾರದು.

ನಕ್ಷೆಯ ಪಾಠ ಕಂಡರೆ ಎಲ್ಲರೂ ಓಡುತ್ತಾರೆ. ಆರು ಅಂಕ ಅಲ್ಲೇ ಬಿದ್ದಿರುತ್ತದೆ, ಬಗ್ಗಿ ಎತ್ತಿಕೊಳ್ಳುವವರಿಲ್ಲ. ನೀವು ಎತ್ತಿಕೊಳ್ಳಿ.

y = mx + c ಎಂದು ಕಂಡರೆ ಗಾಬರಿಯಾಗಬೇಡಿ. c ಎಂದರೆ ಹೊರಡುವ ಮೊದಲೇ ನಿಮ್ಮಲ್ಲಿ ಇದ್ದದ್ದು. m ಎಂದರೆ ಒಂದೊಂದು ಹೆಜ್ಜೆಗೂ ಎಷ್ಟು ಏರುತ್ತೀರಿ ಎಂಬುದು. ಪುಸ್ತಕದಲ್ಲಿ ಮೊದಲನೆಯದಕ್ಕೆ ಅಂತಃಖಂಡ ಎಂದೂ ಎರಡನೆಯದಕ್ಕೆ ಇಳಿಜಾರು ಎಂದೂ ಹೆಸರು. ಏರುವುದನ್ನೂ ಇಳಿಜಾರು ಎಂದೇ ಏಕೆ ಕರೆದರೋ, ಬರೆದವರನ್ನೇ ಕೇಳಬೇಕು.

ಈಗ y = 2x + 3 ತೆಗೆದುಕೊಳ್ಳಿ. ಚೌಕದ ಹಾಳೆಯ ನಡುವೆ ಒಂದು ಅಡ್ಡಗೆರೆ, ಒಂದು ನೆಟ್ಟನೆಯ ಗೆರೆ ಎಳೆಯಿರಿ. ಅವು ಕೂಡುವ ಜಾಗ ಸೊನ್ನೆ. ಅಲ್ಲಿಂದ ಮೂರು ಚೌಕ ಮೇಲೆ ಹೋಗಿ ಚುಕ್ಕೆ ಇಡಿ. ಅದು c. ಆ ಚುಕ್ಕೆಯಿಂದ ಒಂದು ಚೌಕ ಮುಂದಕ್ಕೆ, ಎರಡು ಚೌಕ ಮೇಲಕ್ಕೆ. ಇನ್ನೊಂದು ಚುಕ್ಕೆ. ಮತ್ತೆ ಒಂದು ಚೌಕ ಮುಂದಕ್ಕೆ, ಎರಡು ಮೇಲಕ್ಕೆ. ಚುಕ್ಕೆಗಳನ್ನು ಸೇರಿಸಿದರೆ ಗೆರೆ ಬಂತು. m ಮೈನಸ್ ಇದ್ದರೆ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ. ಇಷ್ಟೇ ಪಾಠ.

ಗೆರೆಯ ಉದ್ದಕ್ಕೂ ಒಂದು, ಎರಡು, ಮೂರು ಎಂದು ಅಂಕಿ ಗೀಚಬೇಡಿ. ಇರುವೆ ಸಾಲಿಟ್ಟ ಹಾಗೆ ಕಾಣುತ್ತದೆ, ನನಗೆ ಆಗುವುದಿಲ್ಲ. ಚೌಕ ಎಣಿಸಲು ಬಂದರೆ ಸಾಕು.

ಇಂತು,
ವೀ. ಪಂಚಪ್ಪ

---

ಯಶವಂತಪುರ
2 ಜುಲೈ 1978

ಪಂಚಪ್ಪ ಸರ್,

ನಿಮ್ಮ ಪಾಠ ಓದಿದ ಕೂಡಲೇ ತಿಳಿಯಿತು. ಇಷ್ಟು ಸುಲಭವಿದ್ದದ್ದಕ್ಕೆ ಹೆದರಿ ಪರೀಕ್ಷೆಯಲ್ಲಿ ಬಿಟ್ಟುಬಂದೆನಲ್ಲ ಎಂದು ನಗು ಬಂತು.

ನಾನು ಮತ್ತು ಅತ್ತಿಗೆ ಖುರ್ಷೀದ್ ಮನೆಯಲ್ಲಿ ಜರಿ ಕಸೂತಿ ಹಾಕುತ್ತೇವೆ. ಅತ್ತಿಗೆ ಒಂದು ಸೆರಗಿನ ಅಂಚನ್ನು ಮೂರು ಬೆರಳಗಲ ಹಾಕಿ, ಕಣ್ಣು ನೋಯುತ್ತದೆ ಎಂದು ನನಗೆ ಕೊಟ್ಟಳು. ನಾನು ದಿನಕ್ಕೆ ಎರಡು ಬೆರಳಗಲ ಹಾಕುತ್ತೇನೆ. ಅತ್ತಿಗೆ ಹಾಕಿಟ್ಟದ್ದು c, ನಾನು ಹಾಕುವುದು m, ದಿನಗಳು x. ಐದನೆಯ ದಿನ ಹದಿಮೂರು ಬೆರಳು ಆಗಬೇಕಿತ್ತು, ಅಳೆದೆ, ಹದಿಮೂರೇ ಇತ್ತು. "ಕಸೂತೀನ ಯಾಕ್ ಅಳೀತಿದೀಯಾ, ದರ್ಜಿ ಆಗ್ಬಿಟ್ಯಾ" ಎಂದು ಅತ್ತಿಗೆ ರೇಗಿಸಿದಳು.

ಐದು ನಕ್ಷೆ ಇಟ್ಟಿದ್ದೇನೆ. ಕಾಗದ ಶುಭ್ರವಾಗಿದೆ, ಒಂದು ಅಂಕಿಯನ್ನೂ ಗೀಚಿಲ್ಲ.

ಇಂತಿ,
ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
9 ಜುಲೈ 1978

ಶ್ರೀಮತಿ ನಜ್ಮುನ್ನೀಸಾ ಅವರಿಗೆ,

ಕಸೂತಿಯ ಉದಾಹರಣೆ ನನಗೆ ಹಿಡಿಸಿತು. ನಕ್ಷೆಗಳು ಹಿಡಿಸಲಿಲ್ಲ. ಐದೂ ತಪ್ಪು.

ಹೊರಡುವ ಜಾಗ ಎಲ್ಲದರಲ್ಲೂ ಸರಿಯಾಗಿದೆ. ನಡಿಗೆ ಮಾತ್ರ ತಲೆಕೆಳಗು. 2x ಇದ್ದಲ್ಲಿ ಗೆರೆ ಇಳಿದಿದೆ, ಮೈನಸ್ ಇದ್ದಲ್ಲಿ ಏರಿದೆ. ಪ್ಲಸ್ ಯಾವುದು ಮೈನಸ್ ಯಾವುದು ಎಂದು ಗಮನವಿಟ್ಟು ನೋಡಿ. ಬೆರಳಿನಲ್ಲಿ ಅಳೆದು ಹದಿಮೂರು ಎನ್ನುವವರು ಕಾಗದದ ಮೇಲೆ ಹೀಗೇಕೆ ಮಾಡುತ್ತೀರಿ? ಇನ್ನೊಮ್ಮೆ ಮಾಡಿ ಕಳಿಸಿ.

ಇಂತು,
ವೀ. ಪಂಚಪ್ಪ

---

ಯಶವಂತಪುರ
23 ಜುಲೈ 1978

ಪಂಚಪ್ಪ ಸರ್,

ಇನ್ನೊಮ್ಮೆ ಮಾಡಿದ್ದೇನೆ. ಆದರೆ ಒಂದು ಕೇಳಬೇಕು, ಸಿಟ್ಟಾಗಬೇಡಿ. ನಾನು ಮೊದಲ ಸಲವೂ ಮೇಲಕ್ಕೇ ಹೋಗಿದ್ದೆ. ಒಂದು ಚೌಕ ಮುಂದಕ್ಕೆ, ಎರಡು ಚೌಕ ಮೇಲಕ್ಕೆ. ನೀವು ಇಳಿದಿದೆ ಎನ್ನುತ್ತೀರಿ. ಹಾಳೆಯನ್ನು ನೋಡಿದರೆ ನನಗೆ ಏರಿದ ಹಾಗೆಯೇ ಕಾಣುತ್ತದೆ.

ಇಂತಿ,
ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
30 ಜುಲೈ 1978

ಶ್ರೀಮತಿ ನಜ್ಮುನ್ನೀಸಾ ಅವರಿಗೆ,

ಏರಿಲ್ಲ. ಇಳಿದಿದೆ. ಹದಿನಾಲ್ಕು ವರ್ಷ ಮಾಸ್ತರಿಕೆ ಮಾಡಿದವನಿಗೆ ಏರುವ ಗೆರೆ ಯಾವುದು, ಇಳಿಯುವ ಗೆರೆ ಯಾವುದು ಎಂದು ಗೊತ್ತಿರುತ್ತದೆ. ಈ ಸಲವೂ ಐದೂ ತಪ್ಪು. ವಾದ ಬಿಟ್ಟು ಅಭ್ಯಾಸ ಮಾಡಿ.

ಇಂತು,
ವೀ. ಪಂಚಪ್ಪ

---

ಯಶವಂತಪುರ
10 ಡಿಸೆಂಬರ್ 1978

ಮಾನ್ಯರೇ,

ಅಕ್ಟೋಬರ್ ಪರೀಕ್ಷೆಯ ಫಲಿತಾಂಶ ಬಂತು. ಮೂವತ್ತೆರಡು. ಪಾಸಾಗಲು ಮೂರು ಕಡಿಮೆ. ನಕ್ಷೆಯ ಪ್ರಶ್ನೆ ಬಂದಿತ್ತು, y = 3x + 1. ನೀವು ಅಷ್ಟು ಸಲ ತಪ್ಪು ಎಂದಿದ್ದರಿಂದ ಮೇಲಕ್ಕೆ ಹೋಗಲೋ ಕೆಳಕ್ಕೆ ಹೋಗಲೋ ಎಂದು ಎರಡು ಸಲ ಬರೆದು ಅಳಿಸಿದೆ. ಕೊನೆಗೆ ನನಗೆ ತಿಳಿದ ಹಾಗೆಯೇ ಬರೆದೆ. ಅದು ತಪ್ಪೇ ಇರಬೇಕು.

ನನಗೆ ಇದು ಹತ್ತುವುದಿಲ್ಲ ಎಂದು ಕಾಣುತ್ತದೆ. ನಿಮಗೆ ತೊಂದರೆ ಕೊಟ್ಟೆ. ಇನ್ನು ಬರೆಯುವುದಿಲ್ಲ.

ಇಂತಿ,
ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
14 ಜನವರಿ 1979

ಶ್ರೀಮತಿ ನಜ್ಮುನ್ನೀಸಾ ಅವರಿಗೆ,

ಒಂದು ತಿಂಗಳು ಕಾದೆ. ಬರೆಯುವುದಿಲ್ಲ ಎಂದವರು ನಿಜಕ್ಕೂ ಬರೆಯಲಿಲ್ಲ.

ಮೂರು ಅಂಕ ಎಂದರೆ ಅರ್ಧ ಗೆರೆ. ಅರ್ಧ ಗೆರೆಗೋಸ್ಕರ ಟ್ರೈನಿಂಗು ಬಿಡುತ್ತೀರಾ? ಏಪ್ರಿಲ್ ಪರೀಕ್ಷೆಗೆ ಇನ್ನೂ ಹನ್ನೊಂದು ವಾರವಿದೆ. ಈ ಲಕೋಟೆಯಲ್ಲಿ ಇಪ್ಪತ್ತು ಚೌಕದ ಹಾಳೆ ಇಟ್ಟಿದ್ದೇನೆ. ದಿನಕ್ಕೆ ಎರಡು ನಕ್ಷೆ ಬರೆಯಿರಿ. ನಾನು ಬೈದದ್ದು ಹೆಚ್ಚಾಯಿತು ಅನಿಸಿದರೆ ಹಾಗೆಂದು ಬರೆಯಿರಿ, ಬೇಜಾರಿಲ್ಲ. ಆದರೆ ಬರೆಯಿರಿ.

ಇಂತು,
ವೀ. ಪಂಚಪ್ಪ

---

ಯಶವಂತಪುರ
18 ಫೆಬ್ರವರಿ 1979

ಪಂಚಪ್ಪ ಸರ್,

ಬೈದದ್ದು ಹೆಚ್ಚಾಯಿತು. ಬರೆಯಿರಿ ಎಂದಿರಿ, ಅದಕ್ಕೇ ಬರೆದೆ.

ನಿಮ್ಮ ಕಾಗದ ಬಂದ ದಿನ ಬೀದಿಯಲ್ಲಿ ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದ. ಬೊಂಬಾಯಿಯಿಂದ ಏನೋ ಬಂತು ಎಂದು ಅತ್ತಿಗೆ ಓಡಿಹೋಗಿ ತಂದಳು. ನೋಡಿ, "ನಿನ್ ಲೆಕ್ಕದ್ ಮೇಷ್ಟ್ರುದು ಕಣೇ" ಎಂದು ಕೈಗಿಟ್ಟು ಒಳಗೆ ಹೋದಳು. ನನಗೆ ಬೇಜಾರಾಗಲಿಲ್ಲ ಸರ್. ಮೂರು ವರ್ಷದ ಹಿಂದೆ ಆ ಕೂಗಿಗೆ ನಾನೇ ಮೊದಲು ಬಾಗಿಲಿಗೆ ಓಡುತ್ತಿದ್ದೆ. ಈಗ ನನ್ನ ಹೆಸರು ಕೂಗಿದರೆ ಅದು ನಕ್ಷೆ ಎಂದು ಗೊತ್ತು.

ಹೊಸ ನಕ್ಷೆಗಳನ್ನು ಇಟ್ಟಿದ್ದೇನೆ. ಇವೂ ತಪ್ಪಿದ್ದರೆ ಎಲ್ಲಿ ತಪ್ಪು ಎಂದು ಹೇಳಿ. ತಪ್ಪು ಎಂದಷ್ಟೇ ಹೇಳಬೇಡಿ.

ಇಂತಿ,
ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
21 ಮಾರ್ಚ್ 1979

ನಜ್ಮುನ್ನೀಸಾ ಅವರೇ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ, ಕೂತು ಓದಿ.

ನಿಮ್ಮ ನಕ್ಷೆಗಳು ತಪ್ಪಲ್ಲ. ಜುಲೈನಲ್ಲಿ ಕಳಿಸಿದ ಮೊದಲ ಐದೂ ತಪ್ಪಲ್ಲ.

ನನ್ನ ಅಡುಗೆಮನೆಯ ಕಿಟಕಿಯ ಒಂದು ಗಾಜು ಒಡೆದಿತ್ತು. ಗಾಳಿ ಬರುತ್ತದೆ ಎಂದು ಕೈಗೆ ಸಿಕ್ಕ ಕಾಗದವೊಂದನ್ನು ಅಂಟಿಸಿದೆ. ಅದು ನೀವು ಕಳಿಸಿದ y = 2x + 3 ಹಾಳೆ. ತಪ್ಪು ನಕ್ಷೆ, ಇಟ್ಟುಕೊಂಡು ಏನು ಮಾಡುವುದು ಎಂದುಕೊಂಡೆ, ಕ್ಷಮಿಸಿ. ಮಸಿಯ ಮುಖ ಹೊರಗಿತ್ತು. ಮಾರನೆಯ ದಿನ ಬೆಳಿಗ್ಗೆ ಚಹಾ ಕಾಸುತ್ತಿದ್ದಾಗ ಬಿಸಿಲು ಬಿದ್ದು ಗೆರೆ ಒಳಗಿನಿಂದ ಕಂಡಿತು. ಏರುತ್ತಿತ್ತು. ಒಂದಕ್ಕೆ ಎರಡು, ಒಂದಕ್ಕೆ ಎರಡು, ಎಲ್ಲೂ ತಪ್ಪದೆ. ಚಹಾ ಉಕ್ಕಿ ಒಲೆ ಆರಿಹೋಯಿತು. ಉಳಿದ ನಕ್ಷೆಗಳನ್ನೂ ತಂದು ಬೆಳಕಿಗೆ ಹಿಡಿದೆ. ಎಲ್ಲವೂ ಹಿಂದಿನಿಂದ ಸರಿ.

ನಾನು 'ಒಂದು ಚೌಕ ಮುಂದಕ್ಕೆ' ಎಂದು ಬರೆದಿದ್ದೆ. ಯಾವ ಕಡೆ ಎಂದು ಬರೆದಿರಲಿಲ್ಲ. ಮುಂದಕ್ಕೆ ಎಂದರೆ ಬಲಕ್ಕೆ ಎಂದೇ ನಾನು ತಿಳಿದಿದ್ದೆ. ಉರ್ದು ಶಾಲೆಯಲ್ಲಿ ಕಲಿತ ನೀವು ಬಲದಿಂದ ಎಡಕ್ಕೆ ಬರೆದು ಬೆಳೆದವರು. ನಿಮಗೆ ಮುಂದೆ ಎಂದರೆ ಎಡಕ್ಕೆ. ಎಡಕ್ಕೆ ಒಂದು ಚೌಕ ಹೋಗಿ ಎರಡು ಚೌಕ ಏರಿದ್ದೀರಿ, ನಾನು ಹೇಳಿದಂತೆಯೇ. ನಕ್ಷೆಯಲ್ಲಿ ಮಾತ್ರ x ಯಾವಾಗಲೂ ಬಲಕ್ಕೆ ಬೆಳೆಯುತ್ತದೆ. ಅದು ಎಲ್ಲರೂ ಒಪ್ಪಿಕೊಂಡ ರೂಢಿ ಅಷ್ಟೇ. ಅಂಕಿ ಬರೆಯಬೇಡಿ ಎಂದು ನಾನು ಅಡ್ಡಿ ಮಾಡದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ನೀವು ಅಕ್ಟೋಬರ್‌ನಲ್ಲಿ ಫೇಲಾದದ್ದು ನನ್ನಿಂದ.

ಇನ್ನು ಎರಡನೆಯ ಮಾತು. ಇದನ್ನು ಬರೆಯದೆ ಮುಚ್ಚಿಡಬಹುದಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ.

ಕಿಟಕಿಯಲ್ಲಿ ಗೆರೆ ಕಂಡದ್ದು ಇವತ್ತಲ್ಲ. ಮಾರ್ಚ್ ಒಂದನೇ ತಾರೀಖು. ಇಪ್ಪತ್ತು ದಿನ ಸುಮ್ಮನಿದ್ದೆ. 'ಬಲಕ್ಕೆ' ಎಂಬ ಒಂದು ಪದ ಬರೆದರೆ ನಿಮಗೆ ನನ್ನ ಅಗತ್ಯ ತೀರಿತು. ಈ ಮನೆಗೆ ನಿಮ್ಮ ಕಾಗದ ಬಿಟ್ಟರೆ ಬೇರೆ ಕಾಗದ ಬರುವುದಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಇಪ್ಪತ್ತು ದಿನ ತಳ್ಳಿದೆ. ಪರೀಕ್ಷೆ ಎದುರಿಗಿಟ್ಟುಕೊಂಡ ನಿಮಗೆ ಹೀಗೆ ಮಾಡಬಾರದಿತ್ತು. ಬಹಳ ನಾಚಿಕೆಯಾಗಿದೆ.

ಬಲಕ್ಕೆ ಹೋಗಿ. ಅಂಕಿಗಳನ್ನು ಬರೆಯಿರಿ, ಎಷ್ಟು ಬೇಕಾದರೂ ಬರೆಯಿರಿ.

ಇಂತು,
ಪಂಚಪ್ಪ

---

ಯಶವಂತಪುರ
25 ಮಾರ್ಚ್ 1979

ಸರ್,

ಒಂದು ನಕ್ಷೆ ಇಟ್ಟಿದ್ದೇನೆ. ಬಲಕ್ಕೆ ಹೋಗಿದ್ದೇನೆ, ಅಂಕಿ ಬರೆದಿದ್ದೇನೆ. ಸರಿಯಿದೆ ಎಂದು ನನಗೇ ಗೊತ್ತು. ಉತ್ತರ ಬರೆಯುವ ಅಗತ್ಯವಿಲ್ಲ.

ನಜ್ಮುನ್ನೀಸಾ

---

ಶೆಟ್ಟಿಹಳ್ಳಿ
5 ಜೂನ್ 1979

ನಜ್ಮುನ್ನೀಸಾ ಅವರೇ,

ಉತ್ತರ ಬೇಡ ಎಂದಿರಿ. ಎರಡು ತಿಂಗಳು ಬರೆಯಲಿಲ್ಲ. ಮೊನ್ನೆ ಫಲಿತಾಂಶ ಬಂತು ಎಂದು ಆಫೀಸಿನಲ್ಲಿ ಕೇಳಿದೆ. ಪೇಪರು ತಂದು ನೋಡಿದೆ. ಬರೀ ನಂಬರುಗಳು. ನಿಮ್ಮ ನಂಬರು ನನಗೆ ಗೊತ್ತಿಲ್ಲ. ಎರಡು ಕಾಲಂ ಪೂರ್ತಿ ಓದಿದ ಮೇಲೆ ಏನು ಮಾಡುತ್ತಿದ್ದೇನೆ ಎಂದು ನನಗೇ ಅನಿಸಿತು.

ಪಾಸೋ ಫೇಲೋ, ಒಂದು ಕಾರ್ಡು ಹಾಕಿ.

ಇಂತು,
ಪಂಚಪ್ಪ

---

ಶೆಟ್ಟಿಹಳ್ಳಿ
15 ಜೂನ್ 1979

ನಜ್ಮುನ್ನೀಸಾ ಅವರೇ,

ಕಾರ್ಡು ಬರಲಿಲ್ಲ. ಫೇಲಾಗಿರಬೇಕು ಎಂದು ಒಂದು ದಿನ ಅನಿಸುತ್ತದೆ, ಪಾಸಾಗಿ ನನ್ನನ್ನು ಮರೆತಿರಬೇಕು ಎಂದು ಇನ್ನೊಂದು ದಿನ. ಎರಡನೆಯದೇ ಆಗಿರಲಿ.

ನಮ್ಮ ಬೀಟಿನ ಪೋಸ್ಟ್‌ಮ್ಯಾನ್ ಸಂಗಪ್ಪ ಬೀದಿ ತುದಿಯಲ್ಲಿ ಕಂಡಾಗಲೇ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅವನು ಸೈಕಲ್ ಇಳಿಯದೆ ಕೈ ಆಡಿಸಿ ಹೋಗುತ್ತಾನೆ. ನಿನ್ನೆ ಇಳಿದ. "ಯಾರ್ದು ಸಾರ್ ಕಾಯ್ತಿದೀರಾ, ಮಗಳದಾ?" ಎಂದು ಕೇಳಿದ. ನನಗೆ ಮಕ್ಕಳಿಲ್ಲ ಎಂದು ಹೇಳುವಷ್ಟರಲ್ಲಿ ಹೌದು ಎಂದು ಬಾಯಿಗೆ ಬಂದುಬಿಟ್ಟಿತು. ಸುಳ್ಳು ಹೇಳಿದ್ದೇನೆ, ನಿಮಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ದಾನವ್ವ ತೀರಿಕೊಂಡು ಆರು ವರ್ಷ. ನಾನು ಮಂದಿಯ ಉತ್ತರಪತ್ರಿಕೆ ತಿದ್ದುತ್ತ ಕೂತರೆ ಅವಳು ಹೇಳುತ್ತಿದ್ದಳು, "ತಪ್ಪು ಹುಡುಕೂದು ಚಲೋ ಬರ್ತೈತ್ರಿ ನಿಮಗ. ಯಾಕ ತಪ್ಪ್ಯಾರ ಅಂತ ಒಮ್ಮೆರ ಕೇಳೀರೇನು?" ಆಗ ನಕ್ಕುಬಿಡುತ್ತಿದ್ದೆ. ನಿಮ್ಮನ್ನೂ ಕೇಳಲಿಲ್ಲ. ಕೇಳಿದ್ದರೆ ಜುಲೈನಲ್ಲೇ ಮುಗಿಯುತ್ತಿತ್ತು.

ಇಂತು,
ಪಂಚಪ್ಪ

---

ಯಶವಂತಪುರ
22 ಜೂನ್ 1979

ಪಂಚಪ್ಪ ಸರ್,

ಫಲಿತಾಂಶ ನನ್ನ ಕೈಗೆ ಬಂದದ್ದು ಜೂನ್ ಎರಡಕ್ಕೆ. ಇವತ್ತು ಇಪ್ಪತ್ತೆರಡು. ಸರಿಯಾಗಿ ಇಪ್ಪತ್ತು ದಿನ.

ಪಾಸಾಗಿದ್ದೇನೆ. ಐವತ್ತೊಂದು ಅಂಕ. ನಕ್ಷೆಯಲ್ಲಿ ಆರಕ್ಕೆ ಆರು ಬಂದಿರಬೇಕು. y = –2x + 6 ಕೊಟ್ಟಿದ್ದರು. ಆರು ಚೌಕ ಮೇಲೆ ಚುಕ್ಕೆ ಇಟ್ಟು, ಒಂದು ಬಲಕ್ಕೆ, ಎರಡು ಕೆಳಕ್ಕೆ ಹೋದೆ. ಗೆರೆ ಮೂರನೆಯ ಹೆಜ್ಜೆಗೆ ನೆಲ ಮುಟ್ಟಿತು. ಆಗ ನನಗೆ ಸಂತೋಷವಾಗಲಿಲ್ಲ. ಇಷ್ಟಕ್ಕಾಗಿ ಒಂದು ವರ್ಷ ನಾನು ದಡ್ಡಿ ಎಂದುಕೊಂಡು ಅಡುಗೆಮನೆಯಲ್ಲಿ ಅತ್ತೆನಲ್ಲ ಎಂದು ಸಿಟ್ಟು ಬಂತು.

ವರ್ಷದ ಸಿಟ್ಟು ಅಲ್ಲಿಯೇ ಇಳಿಯಿತು. ಅದು ನಿಮಗೂ ಗೊತ್ತಿಲ್ಲದೆ ಆದದ್ದು. ಆ ಇಪ್ಪತ್ತು ದಿನದ್ದು ಇಳಿಯಲಿಲ್ಲ. ನೀವು ಹೇಳಿದಂತೆ ದಿನಕ್ಕೆ ಎರಡು ನಕ್ಷೆ ಬರೆಯುತ್ತಿದ್ದೆ ಸರ್. ಇಪ್ಪತ್ತು ದಿನಕ್ಕೆ ನಲವತ್ತು. ನೀವು ಎಲ್ಲ ತಿಳಿದು ಚಹಾ ಕುಡಿಯುತ್ತ ಕೂತಿದ್ದಾಗ ನಾನು ಇಲ್ಲಿ ನಲವತ್ತು ಸಲ ಎಡಕ್ಕೆ ಹೋದೆ.

ಅದಕ್ಕೇ ನಾನೂ ಇಪ್ಪತ್ತು ದಿನ ಇಟ್ಟುಕೊಳ್ಳುತ್ತೇನೆ ಎಂದುಕೊಂಡೆ. ಈ ತಿಂಗಳು ನಿಮ್ಮ ಮೊದಲ ಕಾಗದ ಬಂದಾಗ ಚೆನ್ನಾಗಿ ಆಯಿತು ಅನಿಸಿತು. ಎರಡನೆಯದು ಬಂದಾಗ ಕಾರ್ಡು ತೆಗೆದು ಬರೆಯಲು ಕೂತೆ. ವಿಳಾಸವನ್ನೂ ಬರೆದೆ. ಆಮೇಲೆ ಇನ್ನೂ ದಿನ ಬಾಕಿ ಇದೆ ಎಂದು ಎತ್ತಿಟ್ಟೆ. ಕಾಯುವುದು ಎಷ್ಟು ಕಷ್ಟವೋ ಕಾಯಿಸುವುದೂ ಅಷ್ಟೇ ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ನಿಮಗೆ ಹೇಗೆ ಸಾಧ್ಯವಾಯಿತು?

ತುಮಕೂರಿನಲ್ಲಿ ಟ್ರೈನಿಂಗಿಗೆ ಸೀಟು ಸಿಕ್ಕಿದೆ. ಹಾಸ್ಟೆಲಿನಲ್ಲಿ ಇರಬೇಕು. ಜುಲೈ ಒಂದು, ಭಾನುವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಿಂದ ಒಂಬತ್ತರ ಗಾಡಿಗೆ ಹೊರಡುತ್ತೇನೆ. ಅಣ್ಣ ಬರುತ್ತಾನೆ. "ನಿಮ್ ಮೇಷ್ಟ್ರು ಬರೋದಾದ್ರೆ ಬರ್ಲಿ, ಸ್ಟೇಷನ್ ಏನ್ ನಮ್ಮಪ್ಪಂದಾ" ಎಂದಿದ್ದಾನೆ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಬರುವುದಾದರೆ ಬನ್ನಿ. ಪ್ಲಾಟ್‌ಫಾರಂ ಮೇಲೆ ಬುರ್ಖಾ ಹಾಕಿದವರು ನಾಲ್ಕೈದು ಜನ ಇರುತ್ತೇವೆ. ನೀವು ನನ್ನನ್ನು ಒಮ್ಮೆಯೂ ನೋಡಿಲ್ಲ, ಗುರುತು ಸಿಗುವುದಿಲ್ಲ. ಯಾರನ್ನೂ ಕೇಳಬೇಡಿ, ಹೆಂಗಸರು ಹೆದರುತ್ತಾರೆ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿದಿದ್ದರೆ ನಾನೇ ಬಂದು ಮಾತಾಡಿಸುತ್ತೇನೆ. ಇಳಿಯದಿದ್ದರೆ, ಗಾಡಿ ಹೊರಟಾಗ ಅದರಲ್ಲಿ ನಾನಿದ್ದೇನೆ ಎಂದು ತಿಳಿದುಕೊಂಡು ಮನೆಗೆ ಹೋಗಿ.

ಇಂತಿ,
ನಜ್ಮುನ್ನೀಸಾ